ಚಳಿಗಾಲಕ್ಕೆ ವೀಕೆಂಡ್ ಕಾರು ನಿಲ್ಲಿಸೋದು: ನಿಲ್ಲಿಸಿದ್ಮೇಲೆ ಸ್ಟಾರ್ಟ್ ಮಾಡೋಕೆ ಹೋಗ್ಬೇಡಿ

ಹಿಮ ಬೀಳೋ ಊರುಗಳಲ್ಲಿ ಚಳಿ ಶುರುವಾಗ್ತಿದ್ದಂಗೆ ವೀಕೆಂಡ್ ಕಾರು, ಅಂದ್ರೆ ರಜೆ ದಿನ ಖುಷಿಗೆ ಮಾತ್ರ ಓಡಿಸೋ ಕಾರು, ಇಟ್ಕೊಂಡಿರೋರಿಗೆಲ್ಲ ಸಿಗೋ ಮೊದಲ ಸಲಹೆ ಒಂದೇ, "ವಾರಕ್ಕೊಂದ್ಸಲ ಹೋಗಿ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡು, ಬ್ಯಾಟರಿನೂ ಚಾರ್ಜ್ ಆಗತ್ತೆ, ಇಂಜಿನ್ನೂ ಚೆನ್ನಾಗಿರತ್ತೆ" ಅಂತ. ಹೇಳೋರು ಒಳ್ಳೇ ಮನಸ್ಸಿಂದಾನೇ ಹೇಳ್ತಾರೆ. ಆದ್ರೆ ಚಳಿಗಾಲ ಪೂರ್ತಿ ನಿಲ್ಲಿಸೋ ಕಾರಿಗೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಮತ್ತೆ ಈ ಪೋಸ್ಟ್ ಬರೀತಿರೋದೂ ಮುಖ್ಯವಾಗಿ ಇದನ್ನ ಹೇಳೋಕೇನೇ. ನಿಲ್ಲಿಸೋದಾದ್ರೆ ಸರಿಯಾಗಿ ತಯಾರು ಮಾಡಿ ಪೂರ್ತಿ ನಿಲ್ಲಿಸಿ, ಓಡಿಸೋದಾದ್ರೆ ಸರಿಯಾಗಿ ಓಡಿಸಿ, ಎರಡರ ಮಧ್ಯೆ ಇರೋ ಆ ಹತ್ತು ನಿಮಿಷದ ಐಡ್ಲಿಂಗ್, ಅಂದ್ರೆ ನಿಂತಲ್ಲೇ ಇಂಜಿನ್ ಓಡಿಸೋದು, ಮಾತ್ರ ಬೇಡ.

ಯಾಕೆ ಅಂದ್ರೆ, ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹತ್ರ ಹತ್ರ ಒಂದು ಲೀಟರ್ ನೀರು ಹುಟ್ಟತ್ತೆ. ನಂಬೋಕೆ ಕಷ್ಟ ಅನ್ನಿಸ್ಬಹುದು ಆದ್ರೆ ಕೆಮಿಸ್ಟ್ರಿ ಅಷ್ಟೇ, ಪೆಟ್ರೋಲಲ್ಲಿರೋ ಹೈಡ್ರೋಜನ್ ಗಾಳಿಯಲ್ಲಿರೋ ಆಕ್ಸಿಜನ್ ಜೊತೆ ಸೇರಿ ಆಗೋ ನೀರು ಅದು. ದೂರ ಓಡಿಸಿದಾಗ ಸೈಲೆನ್ಸರ್ ಚೆನ್ನಾಗಿ ಬಿಸಿ ಆಗಿರತ್ತಲ್ಲ, ಆ ನೀರೆಲ್ಲ ಆವಿಯಾಗಿ ಹಿಂದಿಂದ ಆಚೆ ಹೋಗಿಬಿಡತ್ತೆ, ನಮಗೆ ಗೊತ್ತೂ ಆಗಲ್ಲ. ಕೊರೆಯೋ ಗ್ಯಾರೇಜಲ್ಲಿ ಹತ್ತು ನಿಮಿಷ ಐಡಲ್ ಬಿಟ್ರೆ ಪೈಪು ತಣ್ಣಗೇ ಇರತ್ತೆ, ಆವಿ ಒಳಗಡೆನೇ ನೀರಾಗಿ ಸೈಲೆನ್ಸರ್ ಹೊಟ್ಟೆಯಲ್ಲಿ ಕೂತ್ಕೊಂಡು ಒಳಗಿಂದ ತುಕ್ಕು ಹಿಡಿಸತ್ತೆ. ಇನ್ನೊಂದಷ್ಟು ಪಿಸ್ಟನ್ ರಿಂಗ್ ದಾಟಿ ಆಯಿಲ್ ಒಳಗೆ ಹೋಗತ್ತೆ. ಜೊತೆಗೆ ತಣ್ಣಗಿರೋ ಇಂಜಿನ್ನಿಗೆ ಪೆಟ್ರೋಲು ಜಾಸ್ತಿ ಹೋಗತ್ತೆ, ಅದ್ರಲ್ಲಿ ಉರೀದೇ ಉಳಿದಿದ್ದು ಸಿಲಿಂಡರ್ ಗೋಡೆ ಮೇಲಿರೋ ಆಯಿಲ್ ಪದರಾನ ತೊಳ್ಕೊಂಡು ಕೆಳಗೆ ಆಯಿಲ್ ಕೂರೋ ಸಂಪ್‌ಗೆ ಇಳಿಯತ್ತೆ. ಅಂದ್ರೆ ಇಂಜಿನ್ನಿಗೆ ಒಳ್ಳೇದು ಅಂತ ಮಾಡೋ ಕೆಲಸ ವಾರ ವಾರ ಒಂದಿಷ್ಟು ನೀರು, ಒಂದಿಷ್ಟು ಹಸಿ ಪೆಟ್ರೋಲು ಒಳಗೆ ಸುರಿಯೋ ಕೆಲಸ ಆಗತ್ತೆ.

ಬ್ಯಾಟರಿ ಲೆಕ್ಕನೂ ಕೂಡಿಬರಲ್ಲ. ಕಾರು ಆಫ್ ಆಗಿದ್ರೂ ಅಲಾರಂ, ಗಡಿಯಾರ, ಕಂಪ್ಯೂಟರ್ ಮೆಮೊರಿ ಅಂತ ಸುಮಾರು 20ರಿಂದ 50 ಮಿಲಿಆಂಪ್ ಕರೆಂಟ್ ಎಳೀತಾನೇ ಇರತ್ತೆ. 50 ಅಂತ ಇಟ್ಕೊಂಡ್ರೆ ದಿನಕ್ಕೆ 1.2 ಆಂಪಿಯರ್ ಅವರ್, ವಾರಕ್ಕೆ ಎಂಟರ ಮೇಲೆ. ಇದನ್ನ ತಣ್ಣಗಿರೋ ಬ್ಯಾಟರಿಗೆ ಹತ್ತು ನಿಮಿಷದ ಐಡಲಲ್ಲಿ ವಾಪಸ್ ತುಂಬೋಕಾಗಲ್ಲ, ಚಳಿಯಲ್ಲಿ ಬ್ಯಾಟರಿ ಚಾರ್ಜ್ ತಗೊಳ್ಳೋದೇ ನಿಧಾನ. ಇನ್ನು ಬಾಗಿಲು ಹಾಕಿರೋ ಗ್ಯಾರೇಜಲ್ಲಿ ಇಂಜಿನ್ ಓಡಿಸಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬ್ಕೊಳ್ಳತ್ತೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ಜೀವ ತೆಗ್ಯತ್ತೆ. ಬಾಗಿಲು ಅರ್ಧ ತೆಗೆದಿದೀನಿ ಅನ್ನೋದು ಸಾಲದು. ಇದರಲ್ಲಿ ದಯವಿಟ್ಟು ಯಾರೂ ರಾಜಿ ಮಾಡ್ಕೋಬೇಡಿ.

ಓಡಿಸೋದು ಅಂದ್ರೆ ಏನು ಅಂತ ಕೇಳಿದ್ರೆ, ರಸ್ತೆ ಒಣಗಿರ್ಬೇಕು, ಹಿಮ ಕರಗಿಸೋಕೆ ಹಾಕೋ ಉಪ್ಪು ಇರಬಾರದು, ಕನಿಷ್ಠ ಅರ್ಧ ಗಂಟೆಗಿಂತ ಜಾಸ್ತಿ ಸರಿಯಾದ ಸ್ಪೀಡಲ್ಲಿ ಓಡ್ಬೇಕು. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ್ರೆ ಅದು ಕೂಲಂಟ್ (ಇಂಜಿನ್ ತಂಪಾಗಿಡೋ ದ್ರವ) ಬಿಸಿ ಆಗಿದೆ ಅಂತಷ್ಟೇ, ಆಯಿಲ್ ಬಿಸಿ ಆಗೋಕೆ ಅದಕ್ಕಿಂತ ತುಂಬಾ ಹೊತ್ತು ಬೇಕು, ಆಯಿಲಲ್ಲಿರೋ ನೀರು ಆವಿಯಾಗೋದು ಆಮೇಲೇನೇ. ಇಂಥ ದಿನ ಸಿಕ್ರೆ ಸಂತೋಷವಾಗಿ ಓಡಿಸಿ. ಸಿಗಲ್ಲ ಅಂತಿದ್ರೆ ಮುಂದೆ ಓದಿ.

ಯಾವಾಗ ನಿಲ್ಲಿಸ್ಬೇಕು ಅನ್ನೋದಕ್ಕೆ ನಾನು ಕ್ಯಾಲೆಂಡರ್ ನೋಡಲ್ಲ, ರಸ್ತೆಗೆ ಉಪ್ಪು ಹಾಕೋ ಮೊದಲ ದಿನಕ್ಕಿಂತ ಮುಂಚೆ, ಅಷ್ಟೇ. ಹಿಮ ಕರಗಿಸೋಕೆ ಬರೀ ಸಾದಾ ಉಪ್ಪಲ್ಲದೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಕೂಡ ಹಾಕ್ತಾರೆ, ಇವು ಗಾಳಿಯಲ್ಲಿರೋ ತೇವಾನ ಎಳ್ಕೊಂಡು ಒದ್ದೆಯಾಗೇ ಇರೋ ಜಾತಿ. ಕಾರಿನ ಹೊಟ್ಟೆಗೆ ಒಂದ್ಸಲ ಅಂಟಿದ್ರೆ ರಸ್ತೆ ಒಣಗಿದ್ರೂ ಅದು ಒಣಗಲ್ಲ, ಗ್ಯಾರೇಜಲ್ಲಿ ನಿಂತಿರೋ ಅಷ್ಟೂ ತಿಂಗಳು ಅಲ್ಲೇ ಕೂತು ಕೆಲಸ ಮಾಡ್ತಿರತ್ತೆ. ಒಂದೇ ಒಂದು ಡ್ರೈವ್ ಉಪ್ಪಿನ ರಸ್ತೆಯಲ್ಲಿ ಆಗಿದ್ರೂ ಕೆಳಗಡೆ ತೊಳೀದೇ ನಿಲ್ಲಿಸ್ಬೇಡಿ.

ಕೊನೇ ದಿನ ನಂಗೆ ತುಂಬಾ ಇಷ್ಟ, ಬೆಳಿಗ್ಗೆಯಿಂದ ಸಂಜೆ ತನಕ ಕಾರಿನ ಜೊತೆ ಇರೋ ದಿನ ಅದು. ಮೊದಲು ತೊಳಿಯೋದು. ಮೇಲೆ ಶೈನ್ ಬರ್ಸೋದಲ್ಲ ಮುಖ್ಯ, ವೀಲ್ ಆರ್ಚ್ ಒಳಗೆ ಕೈ ಹಾಕಿ ಮಣ್ಣು ತೆಗೀಬೇಕು, ಅಂಚಿನ ಮಡಿಕೆಯಲ್ಲಿ ಗಟ್ಟಿಯಾಗಿ ಕೂತಿರೋ ಕೆಸರು ಸ್ಪಂಜಿನ ಥರ ನೀರು ಹಿಡ್ಕೊಂಡಿರತ್ತೆ, ಹಳೇ ಕಾರುಗಳಲ್ಲಿ ತುಕ್ಕು ಶುರುವಾಗೋದೇ ಅಲ್ಲಿಂದ. ಬಾಗಿಲಿನ ಕೆಳ ಅಂಚಲ್ಲಿ, ಅದರ ಕೆಳಗಿರೋ ಬಾಡಿ ಅಂಚು (ಸಿಲ್) ಕೆಳಗೆ ಸಣ್ಣ ಸಣ್ಣ ತೂತುಗಳಿರ್ತವೆ ನೀರು ಇಳಿದು ಹೋಗೋಕೆ, ಅವು ಮುಚ್ಕೊಂಡಿದ್ರೆ ಬಿಡಿಸಿ. ವೈಪರ್ ಬುಡದಲ್ಲಿರೋ ಜಾಗ ಇದೆಯಲ್ಲ, ಬಾನೆಟ್‌ಗೂ ಗ್ಲಾಸ್‌ಗೂ ಮಧ್ಯೆ, ಅಲ್ಲಿ ಎಲೆಗಳು ಬಿದ್ದು ಕೊಳೀತಿರ್ತವೆ, ಅದನ್ನ ತೆಗೀಲಿಲ್ಲ ಅಂದ್ರೆ ನೀರು ಕ್ಯಾಬಿನ್ ಒಳಗೇ ಬರೋ ಸಾಧ್ಯತೆ ಇದೆ. ಹಕ್ಕಿ ಹಿಕ್ಕೆ ಒಂದು ಚುಕ್ಕಿನೂ ಬಿಡ್ಬೇಡಿ, ತಿಂಗಳುಗಟ್ಟಲೆ ಕೂತ್ರೆ ಪೇಂಟ್ ಕೊರೆದು ಗುರುತು ಉಳಿಯತ್ತೆ. ಒಣಗಿದ ಮೇಲೆ ಒಂದು ಕೋಟ್ ವ್ಯಾಕ್ಸ್.

ತೊಳೆದು ನೇರ ಗ್ಯಾರೇಜಿಗೆ ಹಾಕೋದಲ್ಲ, ಇದನ್ನ ಎಷ್ಟೋ ಜನ ಮರೀತಾರೆ. ಒದ್ದೆ ಡಿಸ್ಕು, ಒದ್ದೆ ಡ್ರಮ್ಮು ಹಂಗೇ ನಿಂತ್ರೆ ಬ್ರೇಕ್ ಪ್ಯಾಡು ಅಲ್ಲೇ ಅಂಟ್ಕೊಳ್ಳತ್ತೆ. ಹಾಗಾಗಿ ತೊಳೆದ ಮೇಲೆ ಕೊನೇ ಡ್ರೈವ್, ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿ, ಪೆಟ್ರೋಲು ಬೇಗ ಹಳಸದ ಹಾಗೆ ಬೆರೆಸೋ ಸ್ಟೆಬಿಲೈಸರ್ ಹಾಕಿ, ಒಂದಷ್ಟು ದೂರ ಓಡಿಸಿ ವಾಪಸ್ ಬರೋದು. ಈ ಒಂದೇ ಡ್ರೈವಲ್ಲಿ ಬ್ರೇಕ್ ಒಣಗತ್ತೆ, ಸ್ಟೆಬಿಲೈಸರ್ ಬೆರೆತಿರೋ ಪೆಟ್ರೋಲು ಪೈಪು, ಇಂಜೆಕ್ಟರ್ ತನಕ ತಲುಪತ್ತೆ, ಸೈಲೆನ್ಸರ್ ಪೂರ್ತಿ ಬಿಸಿಯಾಗಿ ಒಳಗಿನ ನೀರು ಹೋಗತ್ತೆ, ಆಯಿಲೂ ಬಿಸಿಯಾಗಿ ತೆಳ್ಳಗಾಗಿರತ್ತೆ. ಬಂದವ್ರು ಬಿಸಿ ಇರೋವಾಗ್ಲೇ ಆಯಿಲ್ ಇಳಿಸಿಬಿಡಿ.

ಆಯಿಲ್ ಚಳಿಗಾಲಕ್ಕೆ ಮುಂಚೆನಾ ಆಮೇಲಾ ಅಂತ ವಾದ ನಡೀತಾನೇ ಇರತ್ತೆ. ನಾನು ಮುಂಚೆ ಪಕ್ಷ, ಸಂಶಯವೇ ಇಲ್ಲ. ಓಡಿರೋ ಆಯಿಲಲ್ಲಿ ಉರಿದು ಉಳಿದ ಆಸಿಡ್ಡು, ನೀರು, ಪೆಟ್ರೋಲು ಎಲ್ಲ ಇರತ್ತೆ, ಅದನ್ನ ನಾಲ್ಕೈದು ತಿಂಗಳು ಬೇರಿಂಗ್ ಮೇಲೆ ಹಚ್ಚಿಟ್ಟು ಬಿಡೋದ್ಯಾಕೆ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಐದು ನಿಮಿಷ ಓಡಿಸಿ ಎಲ್ಲ ಕಡೆ ಹರಡಿಸಿ ಆಫ್ ಮಾಡಿದ್ರೆ ಮುಗೀತು. ಹೊಸ ಆಯಿಲ್ ಡಬ್ಬಿಯಲ್ಲಿ ಇದ್ದಷ್ಟೇ ಸುಖವಾಗಿ ಸಂಪಲ್ಲೂ ಇರತ್ತೆ, ಹೊಸ ಸೀಸನ್ ಬಂದಾಗ ಮತ್ತೆ ಬದಲಾಯಿಸೋ ಅಗತ್ಯ ಇಲ್ಲ.

ಪೆಟ್ರೋಲ್ ಟ್ಯಾಂಕ್ ಫುಲ್ ಮಾಡೋದ್ಯಾಕೆ ಅಂದ್ರೆ ಅರ್ಧ ಖಾಲಿ ಇರೋ ಟ್ಯಾಂಕಲ್ಲಿ ಉಳಿದರ್ಧ ಗಾಳಿ, ಹಗಲು ರಾತ್ರಿ ಬಿಸಿ ತಂಪು ಆದಂಗೆ ಆ ಗಾಳಿ ಉಸಿರಾಡತ್ತೆ, ಹೊರಗಿನ ತೇವ ಒಳಗೆ ಬಂದು ಗೋಡೆ ಮೇಲೆ ಹನಿಯಾಗತ್ತೆ. ಕಬ್ಬಿಣದ ಟ್ಯಾಂಕ್ ಇರೋ ಹಳೇ ಕಾರಿಗೆ ಇದು ನಿಜವಾದ ತೊಂದರೆ, ಪ್ಲಾಸ್ಟಿಕ್ ಟ್ಯಾಂಕ್ ಮತ್ತೆ ಸೀಲ್ಡ್ ಸಿಸ್ಟಂ ಇರೋ ಹೊಸ ಕಾರಿಗೆ ಅಷ್ಟಿಲ್ಲ. ಆದ್ರೆ ಎಥನಾಲ್ ಬೆರೆಸಿದ ಪೆಟ್ರೋಲಾದ್ರೆ ಯಾವ ಕಾರಿಗಾದ್ರೂ ಯೋಚನೆ ಮಾಡ್ಬೇಕು. ಎಥನಾಲ್ ನೀರನ್ನ ಎಳ್ಕೊಳ್ಳತ್ತೆ, ಒಂದು ಮಟ್ಟದ ತನಕ ಪೆಟ್ರೋಲಲ್ಲೇ ಕರಗಿಸಿ ಇಟ್ಕೊಂಡಿರತ್ತೆ, ಚಳಿ ಜಾಸ್ತಿ ಆದಂಗೆ ಆ ಹಿಡಿದಿಟ್ಕೊಳ್ಳೋ ಶಕ್ತಿ ಕಮ್ಮಿ ಆಗತ್ತೆ, ಆಗ ನೀರೂ ಎಥನಾಲೂ ಜೊತೆಗೇ ಬೇರೆಯಾಗಿ ತಳಕ್ಕೆ ಇಳಿದುಬಿಡ್ತವೆ, ಪಂಪ್ ಎಳೆಯೋದೂ ತಳದಿಂದಾನೇ. ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಕೊನೇ ಟ್ಯಾಂಕಿಗೆ ಅದನ್ನೇ ಹಾಕಿ. ಸ್ಟೆಬಿಲೈಸರ್ ಹಾಕೋದು ತಾಜಾ ಪೆಟ್ರೋಲಿಗೆ, ಅದು ಹಳಸೋದನ್ನ ನಿಧಾನ ಮಾಡತ್ತೆ ಅಷ್ಟೇ, ಆಗಲೇ ಹಳಸಿರೋದನ್ನ ಸರಿ ಮಾಡಲ್ಲ, ಬೇರೆಯಾದ ನೀರನ್ನೂ ವಾಪಸ್ ಸೇರಿಸಲ್ಲ. ಕಾರ್ಬ್ಯುರೇಟರ್ ಇರೋ ಕಾರಾದ್ರೆ ಕೊನೆಗೆ ಫ್ಲೋಟ್ ಬೌಲ್ (ಅದರೊಳಗೆ ಪೆಟ್ರೋಲು ನಿಲ್ಲೋ ಬಟ್ಟಲು) ಖಾಲಿ ಮಾಡಿಬಿಡೋದು ಒಳ್ಳೇದು, ಅಲ್ಲಿರೋ ಸ್ವಲ್ಪ ಪೆಟ್ರೋಲು ಆವಿಯಾಗಿ ಅಂಟು ಉಳಿದು ಜೆಟ್, ಅಂದ್ರೆ ಪೆಟ್ರೋಲು ಹೋಗೋ ಸಣ್ಣ ತೂತು, ಕಟ್ಕೊಳ್ಳತ್ತೆ.

ಕೂಲಂಟ್ ಬಗ್ಗೆ ಒಂದೇ ಮಾತು, ಅಳತೆ ಮಾಡಿ ನೋಡಿ, ಬಣ್ಣ ನೋಡಿ ತೀರ್ಮಾನ ಮಾಡ್ಬೇಡಿ. ಕೂಲಂಟಲ್ಲಿ ಹೆಪ್ಪುಗಟ್ಟದ ಹಾಗೆ ಹಾಕೋ ಎಥಿಲೀನ್ ಗ್ಲೈಕಾಲೂ ನೀರೂ ಅರ್ಧ ಅರ್ಧ ಇದ್ರೆ ಸುಮಾರು -37 ಡಿಗ್ರಿ ಸೆಲ್ಸಿಯಸ್ ತನಕ ಹೆಪ್ಪುಗಟ್ಟಲ್ಲ. ಬೇಸಿಗೆಯಲ್ಲಿ ಕಮ್ಮಿ ಆಯ್ತು ಅಂತ ಬರೀ ನೀರು ಸುರಿದಿದ್ರೆ ಈ ಲೆಕ್ಕ ತಪ್ಪಿರತ್ತೆ. ನೀರು ಗಡ್ಡೆ ಕಟ್ಟಿದಾಗ ಸುಮಾರು 9 ಪರ್ಸೆಂಟ್ ಹಿಗ್ಗತ್ತೆ, ಇಂಜಿನ್ ಬ್ಲಾಕ್ ಸೀಳೋಕೆ ಅಷ್ಟು ಸಾಕು. ಹಂಗಂತ ಪೂರ್ತಿ ಗ್ಲೈಕಾಲ್ ತುಂಬಿಸಿದ್ರೆ ಇನ್ನೂ ಒಳ್ಳೇದು ಅಂತ ಅಲ್ಲ, ಬರೀ ಗ್ಲೈಕಾಲ್ -13 ಡಿಗ್ರಿ ಆಸುಪಾಸಲ್ಲೇ ಗಟ್ಟಿಯಾಗತ್ತೆ. ರಿಫ್ರಾಕ್ಟೋಮೀಟರ್ ಅನ್ನೋ ಸಣ್ಣ ಅಳತೆ ಉಪಕರಣದಲ್ಲಿ ಒಂದು ಹನಿ ಹಾಕಿ ನೋಡಿದ್ರೆ ಗೊತ್ತಾಗಿಬಿಡತ್ತೆ. ಚೆಲ್ಲಿದ್ರೆ ತಕ್ಷಣ ಒರೆಸಿ, ಸಿಹಿಯಾಗಿರತ್ತೆ ಅಂತ ನಾಯಿ ಬೆಕ್ಕು ನೆಕ್ತವೆ, ಅವಕ್ಕೆ ಅದು ವಿಷ. ಗ್ಲಾಸ್ ತೊಳೆಯೋ ವಾಷರ್ ಬಾಟಲಲ್ಲಿ ಬರೀ ನೀರಿದ್ರೆ ಅದನ್ನೂ ಖಾಲಿ ಮಾಡಿ ಚಳಿಗಾಲದ್ದು ಹಾಕಿ.

ಈಗ ಬ್ಯಾಟರಿ. ಚಳಿಗಾಲ ಕಳೆದ್ಮೇಲೆ ಜನ ಅತಿ ಹೆಚ್ಚು ದುಡ್ಡು ಕಳ್ಕೊಳ್ಳೋದು ಇಲ್ಲೇ, ತಡೆಯೋಕೆ ಅತಿ ಸುಲಭವಾಗಿರೋದೂ ಇದೇ. 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಫುಲ್ ಚಾರ್ಜ್ ಆಗಿ ಸುಮ್ನೆ ಕೂತಿರೋವಾಗ ಸುಮಾರು 12.6ರಿಂದ 12.7 ತೋರಿಸ್ಬೇಕು. 12.4ಕ್ಕೆ ಇಳಿದ್ರೆ ಮುಕ್ಕಾಲು, 12.0 ಅಂದ್ರೆ ಕಾಲು ಭಾಗ ಉಳಿದಿದೆ ಅಂತ, ಕಾಲು ಭಾಗ ಅಂದ್ರೆ ಚಿಂತೆ ಮಾಡ್ಬೇಕಾದ ಸ್ಥಿತಿ. ಯಾಕಂದ್ರೆ ಚಾರ್ಜ್ ಇಳಿದಿರೋ ಬ್ಯಾಟರಿ ಹಂಗೇ ಬಿದ್ದಿದ್ರೆ ಪ್ಲೇಟ್ ಮೇಲಿರೋ ಲೆಡ್ ಸಲ್ಫೇಟ್ ಹರಳು ಗಟ್ಟಿಯಾಗ್ತಾ ದೊಡ್ಡದಾಗ್ತಾ ಹೋಗಿ ಆಮೇಲೆ ಎಷ್ಟು ಚಾರ್ಜ್ ಹಾಕಿದ್ರೂ ಕರಗಲ್ಲ. ಇನ್ನೊಂದು, ಫುಲ್ ಚಾರ್ಜ್ ಇರೋ ಬ್ಯಾಟರಿಯ ಆಸಿಡ್ ಸುಮಾರು -60 ಡಿಗ್ರಿ ತನಕ ಹೆಪ್ಪುಗಟ್ಟಲ್ಲ, ಖಾಲಿ ಬ್ಯಾಟರಿಯಲ್ಲಿ ಅದು ಹೆಚ್ಚು ಕಮ್ಮಿ ನೀರೇ, -10 ಡಿಗ್ರಿ ಆಸುಪಾಸಿಗೇ ಗಡ್ಡೆ ಕಟ್ಟಿ ಕೇಸ್ ಒಡೀಬಹುದು. ಹೆಪ್ಪುಗಟ್ಟಿರೋ ಬ್ಯಾಟರಿಗೆ ಯಾವ ಕಾರಣಕ್ಕೂ ಚಾರ್ಜರ್ ಹಚ್ಚಬಾರದು, ಜಂಪ್ ಸ್ಟಾರ್ಟೂ ಕೊಡಬಾರದು, ಸಿಡಿಯೋ ಅಪಾಯ ಇದೆ.

ಗ್ಯಾರೇಜಲ್ಲಿ ಪ್ಲಗ್ ಇದ್ರೆ ಸ್ಮಾರ್ಟ್ ಮೇಂಟೇನರ್ (ಬ್ಯಾಟರಿ ಫುಲ್ ಆಗೇ ಇರೋ ಹಾಗೆ ನೋಡ್ಕೊಳ್ಳೋ ಚಾರ್ಜರ್) ಹಚ್ಚಿ ಮರೆತುಬಿಡಿ. ಹಳೇ ಕಾಲದ ಟ್ರಿಕಲ್ ಚಾರ್ಜರ್ ಅಲ್ಲ, ಅದು ನಿಲ್ಲದೇ ಕರೆಂಟ್ ತುಂಬ್ತಾನೇ ಇದ್ದು ಬ್ಯಾಟರಿ ನೀರು ಒಣಗಿಸಿಬಿಡತ್ತೆ, ಸ್ಮಾರ್ಟ್ ಆದ್ರೆ ಫುಲ್ ಆದ್ಮೇಲೆ ತಾನೇ 13.2ರಿಂದ 13.6 ವೋಲ್ಟ್ ಹತ್ರ ಇಳಿದು ಕಾಯ್ಕೊಂಡಿರತ್ತೆ. ನಿಮ್ಮ ಬ್ಯಾಟರಿ ಎಜಿಎಂ (ಆಸಿಡ್ ಗಾಜಿನ ನಾರಿನ ಮ್ಯಾಟಲ್ಲಿ ಹೀರಿಕೊಂಡಿರೋ ಥರದ್ದು) ಆಗಿದ್ರೆ ಆ ಮೋಡ್ ಹಾಕಿ. ಲಿಥಿಯಂ ಆಗಿದ್ರೆ ಚಾರ್ಜರೇ ಬೇರೆ ಬೇಕು, ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡೋದು ಲಿಥಿಯಂಗೆ ಒಳ್ಳೇದಲ್ಲ. ಪ್ಲಗ್ ಇಲ್ಲದ ಜಾಗ ಆದ್ರೆ ಬ್ಯಾಟರಿ ಬಿಚ್ಚಿ ಮನೆಗೆ ತನ್ನಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಬಿಚ್ಚೋವಾಗ ನೆಗೆಟಿವ್ ಮೊದಲು, ಹಾಕೋವಾಗ ನೆಗೆಟಿವ್ ಕೊನೆಗೆ, ಸ್ಪ್ಯಾನರ್ ತಪ್ಪಿ ಬಾಡಿಗೆ ತಾಗಿದ್ರೂ ಕಿಡಿ ಹಾರಬಾರದು ಅಂತ. ಕಾಂಕ್ರೀಟ್ ನೆಲದ ಮೇಲೆ ಇಟ್ರೆ ಚಾರ್ಜ್ ಇಳಿಯತ್ತೆ ಅನ್ನೋದನ್ನ ಈಗ್ಲೂ ಹೇಳ್ತಾರೆ, ಅದು ಮರ, ಗಟ್ಟಿ ರಬ್ಬರ್ ಕೇಸ್ ಇದ್ದ ಕಾಲದ ಮಾತು, ಈಗಿನ ಪ್ಲಾಸ್ಟಿಕ್ ಕೇಸಿಗೆ ನೆಲ ಯಾವುದಾದ್ರೂ ಒಂದೇ.

ಬಿಚ್ಚೋಕೆ ಮುಂಚೆ ಎರಡು ವಿಷಯ ನೋಡ್ಕೊಳ್ಳಿ. ಬ್ಯಾಟರಿ ಡಿಕ್ಕಿಯಲ್ಲಿದ್ದು ಡಿಕ್ಕಿ ಎಲೆಕ್ಟ್ರಿಕ್ ಬಟನ್ನಿಂದ ಮಾತ್ರ ತೆಗೆಯೋದಾದ್ರೆ, ಮುಚ್ಚಿದ್ಮೇಲೆ ಒಳಗೆ ಹೋಗೋದ್ಹೇಗೆ ಅನ್ನೋದು ಮೊದಲೇ ಗೊತ್ತಿರ್ಬೇಕು. ಫ್ರೇಮ್ ಇಲ್ಲದ ಬಾಗಿಲಾದ್ರೆ ಬಾಗಿಲು ತೆಗೆದಾಗ ಗ್ಲಾಸ್ ಸ್ವಲ್ಪ ಕೆಳಗೆ ಇಳಿಯೋದೂ ಕರೆಂಟಿಂದಾನೇ, ಅದಿಲ್ದೆ ಎಳೆದ್ರೆ ಸೀಲ್ ಹಾಳಾಗತ್ತೆ. ಬ್ಯಾಟರಿ ಕಾರಲ್ಲೇ ಇರತ್ತೆ ಅಂತಾದ್ರೆ ಕೀಲೆಸ್ ಕೀನ ಕಾರಿನ ಹತ್ರ ನೇತುಹಾಕ್ಬೇಡಿ, ಕೀ ಹತ್ರ ಇದ್ದಷ್ಟೂ ಕೆಲವು ಕಾರುಗಳು ನಿದ್ದೆಗೆ ಹೋಗೋದೇ ಇಲ್ಲ, ಒಳಗೊಳಗೇ ಕರೆಂಟ್ ತಿಂತಿರ್ತವೆ.

ಹ್ಯಾಂಡ್‌ಬ್ರೇಕ್ ಹಾಕ್ಬೇಡಿ. ಪ್ಯಾಡು ಡಿಸ್ಕಿಗೋ ಶೂ ಡ್ರಮ್ಮಿಗೋ ತುಕ್ಕಲ್ಲಿ ಅಂಟ್ಕೊಂಡ್ರೆ ಬಿಡಿಸೋದು ದೊಡ್ಡ ತಲೆನೋವು. ಮುಂದೆ ಹಿಂದೆ ಎರಡೂ ಕಡೆ ಚಕ್ರಕ್ಕೆ ಅಡ್ಡ ಇಟ್ಟು, ಮ್ಯಾನ್ಯುವಲ್ ಆದ್ರೆ ಗೇರಲ್ಲಿ, ಆಟೋಮ್ಯಾಟಿಕ್ ಆದ್ರೆ ಪಾರ್ಕಲ್ಲಿ ಬಿಡಿ. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಕೆಲವು ಕಾರಲ್ಲಿ ಆಫ್ ಮಾಡಿದ ತಕ್ಷಣ ತಾನೇ ಹಿಡ್ಕೊಳ್ಳತ್ತೆ, ಅದನ್ನ ಬಿಡಿಸೋ ಕ್ರಮ ಮ್ಯಾನ್ಯುವಲ್ ಪುಸ್ತಕದಲ್ಲಿ ಇರತ್ತೆ, ಬ್ಯಾಟರಿ ತೆಗೆಯೋಕೆ ಮುಂಚೆ ಮಾಡ್ಬೇಕು. ತೇವ ಜಾಸ್ತಿ ಇರೋ ಜಾಗದಲ್ಲಿ ಹಳೇ ಕಾರುಗಳ ಕ್ಲಚ್ ಪ್ಲೇಟೂ ಫ್ಲೈವೀಲಿಗೆ ಅಂಟ್ಕೊಳ್ಳೋದುಂಟು, ಅದಕ್ಕೆ ಕೆಲವರು ಕ್ಲಚ್ ಪೆಡಲ್ ಒತ್ತಿ ಸೀಟಿಗೂ ಪೆಡಲ್‌ಗೂ ಮಧ್ಯೆ ಒಂದು ಮರದ ತುಂಡು ಕೊಟ್ಟು ಬಿಡ್ತಾರೆ. ಬ್ರೇಕ್ ಆಯಿಲೂ ಗಾಳಿಯಿಂದ ನೀರು ಕುಡಿಯೋ ಪದಾರ್ಥ, ಡಾಟ್ 4 ಅನ್ನೋ ದರ್ಜೆಯದ್ದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಲ್ಲ, ನೀರು ಸೇರಿದ್ಮೇಲೆ ಆ ಮಿತಿ 155ಕ್ಕೆ ಬೀಳ್ಬಹುದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು ಅಂತಾರೆ, ಓಡಿಸಿದ ಕಿಲೋಮೀಟರ್ ಕಮ್ಮಿ ಅಂತ ಮುಂದೂಡೋ ಹಾಗಿಲ್ಲ, ನಿಂತಿರೋ ಕಾರಲ್ಲೂ ಅದು ನೀರು ಕುಡೀತಾನೇ ಇರತ್ತೆ.

ಟೈರಿಗೆ ಗಾಳಿ ಜಾಸ್ತಿ ಹಾಕಿ, ಪಕ್ಕದಲ್ಲಿ ಬರೆದಿರೋ ಗರಿಷ್ಠ ಮಿತಿ ದಾಟದ ಹಾಗೆ. ಸುಮಾರು ಐದೂವರೆ ಡಿಗ್ರಿ ಸೆಲ್ಸಿಯಸ್ ಇಳಿದ್ರೆ ಒಂದು ಪಿಎಸ್‌ಐ ಇಳಿಯತ್ತೆ, ಬೆಚ್ಚಗಿನ ದಿನ ಹಾಕಿದ ಗಾಳಿ ಕೊರೆಯೋ ಚಳಿಯಲ್ಲಿ ಎಷ್ಟಾಗತ್ತೆ ಅಂತ ನೀವೇ ಲೆಕ್ಕ ಹಾಕಿ. ಒಂದೇ ಜಾಗದಲ್ಲಿ ಭಾರ ಕೂತು ಟೈರ್ ಚಪ್ಪಟೆ ಆಗೋದು ತಪ್ಪಿಸೋಕೆ ಗಾಳಿನೇ ಮೊದಲ ಉಪಾಯ, ಆಮೇಲೆ ತಿಂಗಳಿಗೊಮ್ಮೆ ಕಾರನ್ನ ಕೈಯಿಂದ ಅರ್ಧ ಅಡಿ ಮುಂದೆ ಹಿಂದೆ ತಳ್ಳೋದು. ಇದ್ರಲ್ಲೂ ಒಂದು ಎಚ್ಚರ, ಸಮ್ಮರ್ ಸ್ಪೋರ್ಟ್ಸ್ ಟೈರ್ ಇದ್ರೆ 7 ಡಿಗ್ರಿ ಕೆಳಗೆ ರಬ್ಬರ್ ಬಿರುಸಾಗ್ತಾ ಹೋಗತ್ತೆ, ಸೊನ್ನೆಗಿಂತ ತುಂಬಾ ಕೆಳಗಿರೋವಾಗ ಅಲುಗಾಡಿಸಿದ್ರೆ ಬಿರುಕು ಬಿಡೋ ಸಾಧ್ಯತೆ ಇದೆ, ಅಂಥ ದಿನ ಮುಟ್ಟಬೇಡಿ. ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸೋರು ಬಾಡಿ ಕೆಳಗೆ ಕೊಟ್ಟು ಚಕ್ರ ಜೋತಾಡೋ ಹಾಗೆ ಬಿಡೋ ಬದಲು ಸಸ್ಪೆನ್ಷನ್ ಆರ್ಮ್ ಕೆಳಗೆ ಕೊಡಿ, ಇಲ್ಲಾಂದ್ರೆ ಸಸ್ಪೆನ್ಷನ್ ಜೋಡಣೆಯಲ್ಲಿರೋ ರಬ್ಬರ್ ಬುಷ್‌ಗಳು ತಿಂಗಳುಗಟ್ಟಲೆ ತಿರುಚಿಕೊಂಡೇ ಇರ್ತವೆ. ನಂಗೇನೋ ಒಂದು ಚಳಿಗಾಲಕ್ಕೆ ಸ್ಟ್ಯಾಂಡ್ ಬೇಕು ಅನ್ನಿಸಲ್ಲ.

ಈಗ ನಂಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ವಿಷಯ, ಜಾಗ. ಬೆಚ್ಚಗಿನ ಗ್ಯಾರೇಜ್ ಬೇಕು ಅಂತ ಎಲ್ರೂ ಹುಡುಕ್ತಾರೆ, ಬೇಕಾಗಿರೋದು ಒಣಗಿರೋ ಗ್ಯಾರೇಜು. ಒಣ ಚಳಿಯಲ್ಲಿ ಕಾರು ಆರಾಮಾಗಿರತ್ತೆ. ಗಾಳಿಯಲ್ಲಿ ತೇವ 60 ಪರ್ಸೆಂಟ್ ದಾಟಿದ್ಮೇಲೆ ತುಕ್ಕಿನ ವೇಗ ಏರ್ತಾ ಹೋಗತ್ತೆ, 40ರಿಂದ 50ರ ಮಧ್ಯೆ ಇದ್ರೆ ಲೋಹಕ್ಕೂ ಒಳ್ಳೇದು, ಲೆದರ್ ಸೀಟು ಮರದ ಡ್ಯಾಶ್‌ಬೋರ್ಡು ಒಣಗಿ ಬಿರುಕು ಬಿಡೋದೂ ಇಲ್ಲ. ತೇವ ಅಳೆಯೋ ಒಂದು ಸಣ್ಣ ಹೈಗ್ರೋಮೀಟರ್ ತಂದು ಗೋಡೆಗೆ ಹಾಕಿ, ನಿಮ್ಮ ಗ್ಯಾರೇಜ್ ಬಗ್ಗೆ ನೀವು ಅಂದ್ಕೊಂಡಿರೋದು ಎಷ್ಟು ಸರಿ ಅಂತ ಗೊತ್ತಾಗತ್ತೆ.

ಅತಿ ಕೆಟ್ಟ ದಿನ ಯಾವುದು ಗೊತ್ತಾ, ವಾರಗಟ್ಟಲೆ ಕೊರೆದ ಚಳಿ ಆದ್ಮೇಲೆ ಒಂದು ದಿನ ಇದ್ದಕ್ಕಿದ್ದಂಗೆ ಬೆಚ್ಚಗಾಗಿ ಮಳೆ ಬರತ್ತಲ್ಲ, ಅವತ್ತು. ಹೊರಗಿನ ಬೆಚ್ಚನೆ ತೇವದ ಗಾಳಿ ಗ್ಯಾರೇಜ್ ಒಳಗೆ ನುಗ್ಗತ್ತೆ, ಸಾವಿರ ಕೆಜಿ ಲೋಹ ಇನ್ನೂ ಹಿಂದಿನ ವಾರದಷ್ಟೇ ತಣ್ಣಗಿರತ್ತೆ, ಇಂಜಿನ್ ಬ್ಲಾಕಿಂದ ಹಿಡಿದು ಬ್ರೇಕ್ ಡಿಸ್ಕ್ ತನಕ ಎಲ್ಲದರ ಮೇಲೂ ಬೆವರು ಬಂದಂಗೆ ನೀರು ಕೂರತ್ತೆ. ಅವತ್ತು ಗಾಳಿ ಆಡಲಿ ಅಂತ ಬಾಗಿಲು ತೆಗೆಯೋದು ತಪ್ಪು, ಮುಚ್ಚಿಡಿ. ಬಾಗಿಲು ತೆಗೆಯೋಕೆ ಸರಿಯಾದ ದಿನ ಅಂದ್ರೆ ಒಣ ಚಳಿಯ ದಿನ. ಇದೇ ಕಾರಣಕ್ಕೆ ಆಗಾಗ ಹೀಟರ್ ಹಚ್ಚೋದೂ ಬೇಡ, ಏರಿಳಿತ ಇಲ್ಲದೆ ಒಂದೇ ಸಮ ಇರೋದು ಮುಖ್ಯ. ತೇವ ತೆಗೆಯೋ ಡಿಹ್ಯುಮಿಡಿಫೈಯರ್ ಇಡೋದಾದ್ರೆ ಡೆಸಿಕೆಂಟ್ (ತೇವ ಹೀರೋ ಪದಾರ್ಥ ಇರೋ) ಥರದ್ದು ತಗೊಳ್ಳಿ, ಕಂಪ್ರೆಸರ್ ಥರದ್ದು ಚಳಿಯಲ್ಲಿ ಕಾಯಿಲ್ ಮೇಲೆ ಹಿಮ ಕಟ್ಕೊಂಡು ಸರಿಯಾಗಿ ಕೆಲಸ ಮಾಡಲ್ಲ. ಕಾಂಕ್ರೀಟ್ ನೆಲದಿಂದಾನೂ ಪಸೆ ಮೇಲೆ ಬರತ್ತೆ, ಕಾರಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ ನಿಲ್ಲಿಸಿದ್ರೆ ಹೊಟ್ಟೆ ಭಾಗಕ್ಕೆ ತುಂಬಾ ಉಪಕಾರ.

ಪ್ಲಾಸ್ಟಿಕ್ ಕೆಳಗೆ ಹಾಸಿ, ಮೇಲೆ ಮಾತ್ರ ಹೊದಿಸ್ಬೇಡಿ. ಟಾರ್ಪಾಲಿನ್ ಹೊದಿಸಿದ್ರೆ ಒಳಗಿನ ತೇವ ಒಳಗೇ ಉಳಿಯತ್ತೆ. ಗಾಳಿ ಆಡೋ ಬಟ್ಟೆ ಕವರ್ ಹಾಕಿ, ಅದೂ ಕಾರು ಪೂರ್ತಿ ಕ್ಲೀನ್ ಇದ್ರೆ ಮಾತ್ರ, ಧೂಳಿನ ಮೇಲೆ ಹಾಕಿದ ಕವರ್ ಪೇಂಟ್ ಉಜ್ಜತ್ತೆ. ಹೊರಗೆ ನಿಲ್ಲಿಸೋ ಪರಿಸ್ಥಿತಿ ಇದ್ರೆ ಗಾಳಿಗೆ ಬಡಿಯದ ಹಾಗೆ ಬಿಗಿಯಾಗಿ ಕೂರೋ ಹೊರಾಂಗಣದ ಕವರೇ ಬೇಕು. ಸಾಫ್ಟ್ ಟಾಪ್, ಅಂದ್ರೆ ಮಡಚೋ ಬಟ್ಟೆ ಛಾವಣಿ ಇರೋ ಕಾರಿನೋರಿಗೆ ಒಂದು ಮಾತು, ಟಾಪ್ ಮಡಚಿಟ್ಟು ಚಳಿಗಾಲ ಕಳೀಬೇಡಿ, ಮೇಲೆ ಎತ್ತಿ ಲಾಕ್ ಮಾಡಿಡಿ, ಅದೂ ಪೂರ್ತಿ ಒಣಗಿದ್ಮೇಲೆ. ಮಡಿಕೆಯಲ್ಲಿ ಗೆರೆ ಬೀಳತ್ತೆ, ಪಸೆ ಇದ್ರೆ ಬೂಷ್ಟು ಹಿಡಿಯತ್ತೆ, ನನ್ನ ಎರಡು ಸೀಟಿನ ಕಾರಿನ ಟಾಪ್ ಇಷ್ಟು ವರ್ಷ ಆದ್ರೂ ಬಿರುಕಿಲ್ಲದೆ ಇರೋದು ಇದ್ರಿಂದಾನೇ ಅಂತ ನಾನು ನಂಬಿದೀನಿ. ಬಾಗಿಲಿನ ರಬ್ಬರ್‌ಗಳಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ, ವೈಪರ್ ಬ್ಲೇಡ್ ಗ್ಲಾಸಿಗೆ ಅಂಟದ ಹಾಗೆ ಮೇಲೆತ್ತಿಡಿ ಅಥವಾ ಕೆಳಗೊಂದು ಬಟ್ಟೆ ಕೊಡಿ. ಒಳಗೆ ತೇವ ಎಳೆಯೋ ಡಬ್ಬಿ ಇಟ್ರೆ ನಡುನಡುವೆ ನೋಡ್ತಿರಿ, ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ತುಂಬಿದ್ಮೇಲೆ ಅದ್ರಲ್ಲಿರೋದು ಉಪ್ಪು ನೀರು, ಕಾರ್ಪೆಟ್ ಮೇಲೆ ಚೆಲ್ಲಿದ್ರೆ ಕಷ್ಟ.

ಇಲಿಗಳು. ಇದಕ್ಕೆ ಸ್ವಲ್ಪ ಜಾಸ್ತಿ ಹೇಳ್ತೀನಿ ಯಾಕಂದ್ರೆ ಬ್ಯಾಟರಿ ಹೋದ್ರೆ ಬ್ಯಾಟರಿ ಮಾತ್ರ ಹೋಗತ್ತೆ, ವೈರಿಂಗ್ ಕಚ್ಚಿದ್ರೆ ಯಾವ ವೈರ್ ಎಲ್ಲಿ ಕಡಿದಿದೆ ಅಂತ ಹುಡುಕೋದೇ ವಾರದ ಕೆಲಸ. ಆರು ಮಿಲಿಮೀಟರ್ ಸಂದಿ, ಅಂದ್ರೆ ಒಂದು ಪೆನ್ಸಿಲ್ ಹೋಗೋಷ್ಟು ಜಾಗ, ಸಣ್ಣಿಲಿಗೆ ಸಾಕು. ಏರ್ ಫಿಲ್ಟರ್ ಡಬ್ಬಿ, ಕ್ಯಾಬಿನ್ ಫಿಲ್ಟರ್, ಸೀಟಿನ ಫೋಮ್, ಬಾನೆಟ್ ಕೆಳಗಿನ ಮ್ಯಾಟ್, ಇವೆಲ್ಲ ಅವಕ್ಕೆ ಗೂಡು ಕಟ್ಟೋಕೆ ಪ್ರಿಯವಾದ ಜಾಗ. ಕಾರಲ್ಲಿ ತಿನ್ನೋ ವಸ್ತು, ಟಿಶ್ಯೂ, ಕಾಗದ ಏನೂ ಬಿಡ್ಬೇಡಿ, ಸೀಟ್ ಕೆಳಗೂ ಕೈ ಹಾಕಿ ವ್ಯಾಕ್ಯೂಮ್ ಮಾಡಿ. ಕಿಟಕಿ ಪೂರ್ತಿ ಮುಚ್ಚಿ, ವೆಂಟ್ ರೀಸರ್ಕ್ಯುಲೇಷನ್‌ಗೆ ಹಾಕಿ. ಸೈಲೆನ್ಸರ್ ತುದಿಗೆ, ಗಾಳಿ ಎಳೆಯೋ ಪೈಪಿನ ಬಾಯಿಗೆ ಲೋಹದ ಜಾಲರಿ ತುರುಕಿ. ಸಾದಾ ಸ್ಟೀಲ್ ವೂಲ್ ತೇವ ಹಿಡಿದು ತಾನೇ ತುಕ್ಕಾಗತ್ತೆ, ಸ್ಟೇನ್‌ಲೆಸ್ ಅಥವಾ ತಾಮ್ರದ್ದಾದ್ರೆ ಒಳ್ಳೇದು. ಕಾರಿನ ಸುತ್ತ, ಗೋಡೆ ಪಕ್ಕದಲ್ಲಿ ಬೋನು ಇಡಿ, ಮತ್ತೆ ವಾರಕ್ಕೊಮ್ಮೆ ಹೋಗಿ ನೋಡಿ, ಕಾರಿನ ಹತ್ರ ಹೋಗೋಕೆ ಇದಕ್ಕಿಂತ ಒಳ್ಳೇ ಕಾರಣ ಬೇಕಿಲ್ಲ. ವಿಷ ಇಡೋದು ನಂಗೆ ಒಪ್ಪಿಗೆ ಇಲ್ಲ, ತಿಂದ ಇಲಿ ಡ್ಯಾಶ್‌ಬೋರ್ಡ್ ಒಳಗೆ ಹೋಗಿ ಸತ್ರೆ ತೆಗೆಯೋರ್ಯಾರು, ಅದನ್ನ ಬೆಕ್ಕೋ ಗೂಬೆಯೋ ತಿಂದ್ರೆ ಅವೂ ಸಾಯ್ತವೆ. ನುಸಿಗುಳಿಗೆ ಕ್ಯಾಬಿನ್ ಒಳಗೆ ಇಡ್ಲೇಬೇಡಿ, ಆ ವಾಸನೆ ಸೀಟಿಂದ ಬೇಗ ಹೋಗಲ್ಲ. ಇಲಿ ಹಿಕ್ಕೆ ಕಂಡ್ರೆ ಒಣಗಿರೋದನ್ನ ಗುಡಿಸ್ಬೇಡಿ, ವ್ಯಾಕ್ಯೂಮೂ ಮಾಡ್ಬೇಡಿ, ಹಂಟಾವೈರಸ್ ಥರ ರೋಗ ಧೂಳಿನ ಜೊತೆ ಉಸಿರಿಗೆ ಹೋಗೋ ಅಪಾಯ ಇದೆ, ಗ್ಲೌಸ್ ಹಾಕಿ ಸೋಂಕುನಾಶಕ ಸಿಂಪಡಿಸಿ ಸ್ವಲ್ಪ ಹೊತ್ತು ಬಿಟ್ಟು ಒದ್ದೆಯಾಗೇ ಒರೆಸಿ ತೆಗೀಬೇಕು.

ಇಷ್ಟೆಲ್ಲ ಆದ್ಮೇಲೆ ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಏನೇನು ಮಾಡಿದೀರಿ ಅಂತ ಬರೆದು ಸ್ಟೇರಿಂಗಿಗೆ ಕಟ್ಟಿ. ಸೈಲೆನ್ಸರಲ್ಲಿ ಜಾಲರಿ ಇದೆ, ಏರ್ ಇನ್‌ಟೇಕಲ್ಲಿ ಜಾಲರಿ ಇದೆ, ಟೈರ್ ಪ್ರೆಷರ್ ಜಾಸ್ತಿ ಇದೆ, ಹ್ಯಾಂಡ್‌ಬ್ರೇಕ್ ಹಾಕಿಲ್ಲ, ಬ್ಯಾಟರಿ ಬಿಚ್ಚಿದೆ, ಕ್ಲಚ್ಚಿಗೆ ಮರ ಕೊಟ್ಟಿದೆ. ತಿಂಗಳುಗಳು ಕಳೆದ ಮೇಲೆ ನಮಗೆ ನೆನಪಿದ್ರೂ ಮನೇಲಿ ಬೇರೆ ಯಾರಾದ್ರೂ ಕಾರು ಜರುಗಿಸೋಕೆ ಹೋಗ್ಬಹುದು. ಇನ್ಶೂರೆನ್ಸ್ ಓಡಿಸ್ತಿಲ್ಲ ಅಂತ ಪೂರ್ತಿ ನಿಲ್ಲಿಸೋಕೆ ಮುಂಚೆ ವಿಚಾರಿಸಿ, ಬೆಂಕಿ ಕಳ್ಳತನ ನಿಂತಿರೋ ಕಾರಿಗೂ ಆಗತ್ತೆ.

ಚಳಿ ಹೋದ್ಮೇಲೆ ತೆಗೆಯೋವಾಗ್ಲೂ ಮೊದಲನೇ ಅವಸರ ಸ್ಟಾರ್ಟ್ ಮಾಡೋದಲ್ಲ. ಮೊದಲು ಕೆಳಗೆ ಬಗ್ಗಿ ನೆಲದ ಮೇಲೆ ಏನಾದ್ರೂ ಸೋರಿದೆಯಾ ನೋಡಿ, ಜಾಲರಿಗಳನ್ನ ತೆಗೀರಿ, ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಒಳಗೆ ಇಣುಕಿ, ಬೆಲ್ಟು ಹೋಸು ಕಚ್ಚಿರೋ ಗುರುತು ಹುಡುಕಿ, ಆಯಿಲ್ ಕೂಲಂಟ್ ಬ್ರೇಕ್ ಆಯಿಲ್ ಮಟ್ಟ ನೋಡಿ, ಟೈರ್ ಗಾಳಿ ಮಾಮೂಲಿಗೆ ತನ್ನಿ. ಹಳೇ ಇಂಜಿನ್ ಆದ್ರೆ ಇಗ್ನಿಷನ್ ಇಲ್ಲದೇನೇ ಸ್ವಲ್ಪ ಹೊತ್ತು ಸ್ಟಾರ್ಟರಿಂದ ಇಂಜಿನ್ ತಿರುಗಿಸಿ ಆಯಿಲ್ ಪ್ರೆಷರ್ ಬಂದ್ಮೇಲೆ ಸ್ಟಾರ್ಟ್ ಮಾಡೋದು ನಂಗೆ ಸಮಾಧಾನ. ಗೇರ್ ಹಾಕೋಕೆ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗಿದೆಯಾ ಅಂತ ಒತ್ತಿ ನೋಡಿ.

ರಸ್ತೆಗೆ ಇಳಿಸಿದ ತಕ್ಷಣ ಬ್ರೇಕಿಂದ ಕರಕರ ಸದ್ದು ಬರತ್ತೆ, ಡಿಸ್ಕ್ ಮೇಲೆ ತೆಳ್ಳಗೆ ತುಕ್ಕು ಕಟ್ಟಿರತ್ತೆ ಅಷ್ಟೇ, ಖಾಲಿ ರಸ್ತೆಯಲ್ಲಿ ಮೆಲ್ಲಗೆ ಒಂದಷ್ಟು ಸಲ ಬ್ರೇಕ್ ಒತ್ತಿದ್ರೆ ಉಜ್ಜಿ ಹೋಗತ್ತೆ. ಸ್ಟೇರಿಂಗ್ ಸ್ವಲ್ಪ ನಡುಗಿದ್ರೂ ತಕ್ಷಣ ಗಾಬರಿ ಬೇಡ, ಟೈರ್ ಚಪ್ಪಟೆಯಾಗಿದ್ದ ಜಾಗ ಬಿಸಿಯಾದಂಗೆ ದುಂಡಗಾಗತ್ತೆ. ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿದ್ಮೇಲೂ ನಡುಗ್ತಾನೇ ಇದ್ರೆ ಆಗ ಟೈರ್ ಪಕ್ಕದಲ್ಲಿರೋ ಡಾಟ್ ಕೋಡಿನ ಕೊನೇ ನಾಲ್ಕು ಅಂಕಿ ನೋಡಿ, ಮೊದಲೆರಡು ಅಂಕಿ ಟೈರ್ ತಯಾರಾದ ವಾರ, ಕೊನೇ ಎರಡು ಅಂಕಿ ವರ್ಷ. ವೀಕೆಂಡ್ ಕಾರಿನ ಟೈರ್ ಸವೆಯೋಕೆ ಮುಂಚೆ ಮುದಿಯಾಗಿರತ್ತೆ, ಮೇಲಿನ ಗೀರು ಎಷ್ಟೇ ಆಳ ಕಂಡ್ರೂ ಹತ್ತು ವರ್ಷ ದಾಟಿದ್ದಾದ್ರೆ ನಾನಂತೂ ಬದಲಾಯಿಸ್ತೀನಿ.